ಜುಂಗು ಖಾತೆಯ ಮಂತ್ರಿ

ಫೆಬ್ರವರಿ 3, ಮಂಗಳವಾರ

ಇಂದು ಬೆಳಗಿನ ಕಾಫಿಯ ಹೊತ್ತಿಗೆ ನನ್ನನ್ನು ಈ ಮನೆಯ ಬಟ್ಟೆ ಒಣಗಿಸುವ ಖಾತೆಯ ಮಂತ್ರಿಯಾಗಿ ನೇಮಿಸಲಾಯಿತು. ನೇಮಿಸಿದವರು ಅಜ್ಜಿ ಔನೆ, ಅಂದರೆ ನಮ್ಮ ಮುಮ್ಮೊ. ಈ ದಿನಚರಿ ಮುಂದೊಮ್ಮೆ ವಸ್ತುಸಂಗ್ರಹಾಲಯ ಸೇರುವುದು ಖಚಿತವಾದ್ದರಿಂದ ಕಾರಣವನ್ನೂ ಬರೆದಿಡುತ್ತೇನೆ.

ಬಟ್ಟೆಯಿಂದ ಉದುರಿ ಡ್ರೈಯರಿನ ಜಾಲರಿಯಲ್ಲಿ ಸಿಕ್ಕಿಕೊಳ್ಳುವ ಬೂದು ಜುಂಗನ್ನು ನಾನು ಬಹಳ ದಿನದಿಂದ ಕೂಡಿಹಾಕಿ, ನಾದಿ, ಬಾಲಕ್ಕೆ ಬೂಟಿನ ದಾರ ಕಟ್ಟಿ, ಕಣ್ಣಿಗೆ ಕಾಳುಮೆಣಸು ಇಟ್ಟು, ಒಂದು ಇಲಿಯನ್ನು ಸೃಷ್ಟಿಸಿದ್ದೆ. ಅದನ್ನು ಕಾಫಿಪುಡಿಯ ಡಬ್ಬಿಯಲ್ಲಿ ಮಲಗಿಸಿದ್ದೆ. ಮುಮ್ಮೊ ಕಿರುಚಲಿಲ್ಲ. ಬಾಲ ಹಿಡಿದು ಎತ್ತಿ, ನನ್ನ ತಟ್ಟೆಯ ಪಕ್ಕದಲ್ಲಿಟ್ಟು, ಅದೇ ಪುಡಿಯಲ್ಲಿ ಕಾಫಿ ಮಾಡಿದಳು.

"ಜುಂಗಿನ ಮೇಲೆ ಇಷ್ಟೊಂದು ಪ್ರೀತಿ ಇರೋಳಿಗೆ ಅದರ ಕೆಲಸಾನೇ ಕೊಟ್ಬಿಡೋಣ," ಎಂದಳು ನನ್ನ ಅಕ್ಕ ಕರೀನ್‌ಗೆ. "ಇವತ್ತಿಂದ ಒಗೆಯೋದು, ಒಣಗಿಸೋದು, ಮಡಿಚೋದು ಎಲ್ಲಾ ಹಿಲ್ಮಾದೇ."

"ಮುಮ್ಮೊ, ನಂಗೆ ಪರೀಕ್ಷೆ ಇದೆ."

"ಇಲಿಗೆ ಮೀಸೆ ಅಂಟಿಸೋವಾಗ ಇರ್ಲಿಲ್ವಾ ಪರೀಕ್ಷೆ?"

ಖಾತೆ ಹಗುರವಾದುದಲ್ಲ. ಕರೀನ್‌ಳ ಮಗ ಎಮಿಲ್ ಅವಸರಪಟ್ಟು ತಿಂಗಳು ತುಂಬುವ ಮೊದಲೇ ಹುಟ್ಟಿದ ಪುಣ್ಯಾತ್ಮ. ಮೈಯಲ್ಲಿ ಒಂದು ಕೋಳಿಯಷ್ಟೂ ಮಾಂಸವಿಲ್ಲ, ಆದರೆ ಒದ್ದೆ ಮಾಡುವ ಬಟ್ಟೆ ಒಂದು ಪಡೆಯಷ್ಟು. ಕರೀನ್ ದಿನಸಿ ಅಂಗಡಿಯ ಗಲ್ಲಾದ ಕೆಲಸಕ್ಕೆ ವಾಪಸು ಹೋಗಿದ್ದಾಳೆ. ಹಗಲೆಲ್ಲ ಎಮಿಲ್ ಮುಮ್ಮೊನ ತೋಳಲ್ಲಿ. ಅಪ್ಪ ಲಾರಿ ಓಡಿಸುತ್ತಾ ದಕ್ಷಿಣದ ಬಿಸಿಲಿನಲ್ಲಿದ್ದಾನೆ. ಹೋಗುವ ಮೊದಲು, ಕ್ರಿಸ್ಮಸ್ಸಿಗೆ ಕೈಕೊಟ್ಟ ಹಳೆಯ ಡ್ರೈಯರಿನ ಜಾಗಕ್ಕೆ ಯಾರದೋ ಮನೆಯಿಂದ ಇನ್ನೊಂದನ್ನು ತಂದು ಕೂರಿಸಿ, ಗ್ಯಾಸಿನ ಕೊಳವೆ ಜೋಡಿಸಿ ಹೋದ. ಅದು ನೆಲಮಾಳಿಗೆಯಲ್ಲಿ ಕರಡಿಯಂತೆ ಗುರುಗುಟ್ಟುತ್ತದೆ.

ಮುಮ್ಮೊನ ಕಾನೂನುಗಳು: ಪ್ರತಿ ಸುತ್ತಿಗೂ ಜಾಲರಿಯ ಜುಂಗು ಬಳಿದು ತೆಗೆಯಬೇಕು. ಎಣ್ಣೆ ಒರೆಸಿದ ಬಟ್ಟೆ ಎಷ್ಟೇ ಒಗೆದಿರಲಿ, ಒಳಗೆ ಹಾಕಕೂಡದು. ಯಂತ್ರ ತಿರುಗುತ್ತಿರುವಾಗ ಮನೆ ಬಿಟ್ಟು ಹೋಗಕೂಡದು. ಬೆಂಕಿಯ ವಿಷಯದಲ್ಲಿ ಈ ಮುದುಕಿಗೆ ಹಾಸ್ಯಪ್ರಜ್ಞೆ ಇಲ್ಲ.

ಫೆಬ್ರವರಿ 7, ಶನಿವಾರ

ಸರೋವರದ ಮೇಲಿನಿಂದ ಗಾಳಿ ಹೊಡೆಯುತ್ತಿದೆ. ಒಲೆ ಎಷ್ಟು ಉರಿದರೂ ಮಹಡಿ ಬೆಚ್ಚಗಾಗುವುದಿಲ್ಲ. ಎಮಿಲ್‌ನ ಪಾದ ಮುಟ್ಟಿದರೆ ಮೀನು ಮುಟ್ಟಿದ ಹಾಗೆ. ಚಳಿ ತಾಗಕೂಡದು ಎಂದು ವೈದ್ಯರು ಹೇಳಿಯೇ ಕಳಿಸಿದ್ದಾರೆ. ಮುಮ್ಮೊ ಅವನನ್ನು ತನ್ನ ಸ್ವೆಟರಿನೊಳಗೇ ಇಟ್ಟುಕೊಂಡು ಓಡಾಡುತ್ತಾಳೆ.

ಕೊನೆಗೆ ಅವನನ್ನು ನನ್ನ ಕೈಗೆ ಕೊಟ್ಟು ನೆಲಮಾಳಿಗೆಗೆ ಇಳಿದಳು. ಡ್ರೈಯರಿನ ಹಿಂದಿನಿಂದ ಗೋಡೆಯಾಚೆ ಹೋಗುವ ಕೊಳವೆಯನ್ನು ಗೋಡೆಯಿಂದ ಕಿತ್ತಳು. ಅದರ ಬಾಯಿಗೆ ತನ್ನ ಹಳೆಯ ನೈಲಾನ್ ಕಾಲುಚೀಲ ಕಟ್ಟಿ, ಮೆಟ್ಟಿಲ ಕಡೆಗೆ ಮುಖಮಾಡಿಸಿ ಇಟ್ಟಳು.

"ಕಾಗೆಗಳಿಗೆ ಯಾಕೆ ಬಿಸಿಗಾಳಿ? ನಾವು ಎಷ್ಟು ಚಳಿಗಾಲ ಹೀಗೇ ಕಳ್ದಿದೀವಿ ಗೊತ್ತಾ? ನಿಮ್ಮಪ್ಪ ಬೆಳ್ದಿದ್ದೇ ಈ ಗಾಳೀಲಿ."

"ಅದಕ್ಕೇ ಹಾಗಿದಾನೆ," ಎಂದೆ.

ಗಾಳಿ ತುಂಬಿದ ಕಾಲುಚೀಲ ಗಟ್ಟಿಮುಟ್ಟಾದ ಕಾಲಿನಂತೆ ಎದ್ದಿತು. ನಾನು ಅದಕ್ಕೊಂದು ಬೂಟು ತೊಡಿಸಿದೆ. ಮುಮ್ಮೊ ಮೆಟ್ಟಿಲ ಮೇಲೆ ಕೂತು ಕಣ್ಣೀರು ಬರುವಷ್ಟು ನಕ್ಕಳು. ಮನೆ ಬೆಚ್ಚಗಾಯಿತು. ಎಮಿಲ್‌ನ ಪಾದವೂ.

ಫೆಬ್ರವರಿ 11, ಬುಧವಾರ

ಕಿಟಕಿಗಳೆಲ್ಲ ಬೆವರುತ್ತಿವೆ. ಇದು ಕಲಾವಿದರಿಗೆ ಒಳ್ಳೆಯ ಕಾಲ. ಅಡುಗೆಮನೆಯ ಗಾಜಿನ ಮೇಲೆ ಬೀದಿಯಲ್ಲಿ ಹೋಗುವವರಿಗೆಲ್ಲ ಸರಿಹೊಂದುವ ಎತ್ತರದಲ್ಲಿ ಒಂದು ಮೀಸೆ ಬರೆದಿದ್ದೇನೆ. ಪಾದ್ರಿಗಳಿಗೆ ಚೆನ್ನಾಗಿ ಒಪ್ಪಿತು.

ತಲೆನೋವು. ಮುಮ್ಮೊಗೂ ಇದೆ, ಕರೀನ್‌ಗೂ ಸಂಜೆಯಾದರೆ ಇದೆ. ಯಾರ ಮಾತೂ ಯಾರಿಗೂ ಸೇರುವುದಿಲ್ಲ. ನಿನ್ನೆ ಚಮಚ ಕೆಳಗೆ ಬಿದ್ದಿತೆಂದು ಇಬ್ಬರೂ ಜಗಳವಾಡಿದರು. ಚಮಚ ಬೀಳಿಸಿದ್ದು ನಾನು, ಆದರೆ ಅಷ್ಟು ಚೆನ್ನಾಗಿ ನಡೆಯುತ್ತಿದ್ದ ಜಗಳದ ನಡುವೆ ಬಾಯಿ ಹಾಕುವುದು ಸಭ್ಯತೆಯಲ್ಲ.

ವಿಚಿತ್ರವೆಂದರೆ, ಶಾಲೆಗೆ ಹೋದ ಸ್ವಲ್ಪ ಹೊತ್ತಿಗೆ ನನ್ನ ತಲೆನೋವು ಮಾಯ. ಬೀಜಗಣಿತದಿಂದ ಗುಣವಾಗುವ ಕಾಯಿಲೆ. ಈ ಭಯಂಕರ ಸತ್ಯ ಶಿಕ್ಷಕರ ಕಿವಿಗೆ ಬೀಳಕೂಡದು.

ಫೆಬ್ರವರಿ 13

ತಲೆ ಭಾರ. ಎರಡು ಸುತ್ತು ಬಟ್ಟೆ, ಒಂದೂ ಸರಿಯಾಗಿ ಒಣಗುತ್ತಿಲ್ಲ, ಎಷ್ಟು ಹೊತ್ತು ತಿರುಗಿದರೂ. ಮಡಿಚುತ್ತಾ ಕೂತಲ್ಲೇ ನಿದ್ದೆ ಬಂತು. ಮಂತ್ರಿಮಂಡಲದ ಸಭೆ ಮುಂದೂಡಲಾಗಿದೆ.

ಫೆಬ್ರವರಿ 15, ಭಾನುವಾರ

ಘೋರ ಅನ್ಯಾಯ.

ಮಧ್ಯಾಹ್ನ ಎಮಿಲ್ ಅತ್ತು ಅತ್ತು ಆಗಷ್ಟೇ ಮಲಗಿದ್ದ. ಕೆಳಗೆ ಬಟ್ಟೆ ತಿರುಗುತ್ತಿತ್ತು. ಹಜಾರದ ಗೋಡೆಯ ಅಲಾರಂ ಇದ್ದಕ್ಕಿದ್ದಂತೆ ಕಿರುಚತೊಡಗಿತು. ಎಮಿಲ್ ಮನೆಗೆ ಬಂದ ದಿನ ಕರೀನ್ ತಂದು ತೂಗುಹಾಕಿದ ಬಿಳಿ ಡಬ್ಬಿ ಅದು. ಅಕ್ಕನಾಗಲಿ ಮುಮ್ಮೊನಾಗಲಿ ಅದರ ಕಡೆ ನೋಡಲಿಲ್ಲ. ಇಬ್ಬರೂ ನನ್ನ ಕಡೆ ನೋಡಿದರು.

"ನಾನಲ್ಲ," ಎಂದೆ.

"ಇಲಿ ಸಿಕ್ಕಾಗ್ಲೂ ಅದೇ ಅಂದಿದ್ದೆ," ಎಂದಳು ಕರೀನ್.

"ಇದು ನಿಜವಾಗ್ಲೂ ನಾನಲ್ಲ ಕಣೇ."

"ಅಡುಗೆಮನೆ ಗಡಿಯಾರ ಹುಂಜದ ತರ ಕೂಗಿದ್ದು?"

"ಅದು ನಾನು."

"ನನ್ನ ಫೋನು ಚರ್ಚಲ್ಲಿ ಸೀನಿದ್ದು?"

"ಅದೂ ನಾನೇ. ಆದರೆ ಇದು..."

ಅಕ್ಕ ಕುರ್ಚಿ ಹತ್ತಿ ಡಬ್ಬಿಯನ್ನು ಕಿತ್ತು, ಹಿಂದಿನ ಸೆಲ್ ತೆಗೆದು, ಎರಡನ್ನೂ ಚಮಚಗಳ ಡ್ರಾಯರಿಗೆ ಎಸೆದಳು. "ಒಂದು ತಾಸು ಮಲಗಿರ್ತಾನೆ ಅಂದ್ಕೊಂಡೆ ಹಿಲ್ಮಾ. ಒಂದೇ ಒಂದು ತಾಸು," ಎಂದಳು. ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ.

ಇತಿಹಾಸದ ಗಮನಕ್ಕೆ: ಆರೋಪಿ ತನ್ನ ಜೀವಮಾನದಲ್ಲಿ ಮೊದಲ ಬಾರಿಗೆ ನಿರಪರಾಧಿ. ಮಾಡದ ಚೇಷ್ಟೆಗೆ ಹೆಸರು ಹೊರುವುದು ನನ್ನ ವೃತ್ತಿಗೌರವಕ್ಕೇ ಧಕ್ಕೆ. ತನಿಖೆ ನಾನೇ ಮಾಡುತ್ತೇನೆ.

ಫೆಬ್ರವರಿ 17, ಮಂಗಳವಾರ

ಡ್ರಾಯರಿನಿಂದ ಡಬ್ಬಿ ತೆಗೆದು ಅದರ ಬೆನ್ನಿನ ಮೇಲಿದ್ದುದನ್ನು ಓದಿದೆ. ನಾಲ್ಕು ಸಲ ಕೂಗಿ, ನಿಂತು, ಮತ್ತೆ ನಾಲ್ಕು ಸಲ ಕೂಗಿದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷದ ಗಾಳಿಯಂತೆ. ಕೂಡಲೇ ಎಲ್ಲರೂ ಹೊರಗೆ ಹೋಗಬೇಕಂತೆ. ಆಗೊಮ್ಮೆ ಈಗೊಮ್ಮೆ ಒಂದೇ ಸಲ ಚಿಲಿಪಿಲಿ ಎಂದರೆ ಸೆಲ್ ಮುಗಿದಿದೆ ಎಂದರ್ಥ. ಭಾನುವಾರ ಹೇಗೆ ಕೂಗಿತ್ತು? ಕಿರುಚಿತು ಎಂಬುದಷ್ಟೇ ನೆನಪು.

ಮುಮ್ಮೊಗೆ ಓದಿ ಹೇಳಿದೆ. ಅವಳು ಹಲ್ಲಿನ ನಡುವೆ ಸಕ್ಕರೆಯ ತುಂಡು ಕಚ್ಚಿಕೊಂಡು ಕಾಫಿ ಹೀರುತ್ತಿದ್ದಳು.

"ಹೊಗೆ ಬರುತ್ತಾ ಅದಕ್ಕೆ?"

"ಇಲ್ಲ."

"ವಾಸನೆ?"

"ಇಲ್ಲ."

"ಕಣ್ಣಿಗೆ ಕಾಣುತ್ತಾ?"

"ಇಲ್ಲ ಮುಮ್ಮೊ."

"ಏನೂ ಇಲ್ಲದ್ದನ್ನ ಕಂಡುಹಿಡಿಯೋಕೆ ಒಂದು ಯಂತ್ರ. ಮಾರಿದೋನು ಬುದ್ಧಿವಂತ."

ಸೆಲ್ ಹಾಕಿ ಡಬ್ಬಿಯನ್ನು ಮತ್ತೆ ಗೋಡೆಗೆ ನೇತುಹಾಕಿದ್ದೇನೆ. ಮುಂದಿನ ಸಲ ಎಣಿಸುತ್ತೇನೆ. ವಿಚಾರಣೆಯಲ್ಲಿ ಬೇಕಾಗುತ್ತದೆ.

ಫೆಬ್ರವರಿ 19, ಗುರುವಾರ

ನೀರಿನ ಕೊಳವೆ ಹೆಪ್ಪುಗಟ್ಟಿದೆ. ಮಂಗಳವಾರ ಸಂಜೆಯಿಂದ ಒಗೆಯುವುದೂ ಇಲ್ಲ, ಒಣಗಿಸುವುದೂ ಇಲ್ಲ. ತಲೆನೋವೂ ಇಲ್ಲ. ಕೆಲಸವೇ ಸಕಲ ರೋಗಗಳ ಮೂಲ ಎಂದು ನಾನು ಮೊದಲಿಂದಲೂ ಹೇಳುತ್ತಿದ್ದೆ.

ಮನೆ ಮಾತ್ರ ಮತ್ತೆ ತಣ್ಣಗೆ. ಎಮಿಲ್ ಹಾಲು ಕುಡಿದು, ನನ್ನ ಮೂಗು ಹಿಡಿದು ಎಳೆದು, ಊರಿಗೆಲ್ಲ ಕೇಳುವಂತೆ ಅರಚಿದ. ಒಳ್ಳೆಯ ಭವಿಷ್ಯವಿದೆ ಅವನಿಗೆ.

ಫೆಬ್ರವರಿ 21, ಶನಿವಾರ. ಆಸ್ಪತ್ರೆಯ ಮೊಗಸಾಲೆ

ಕೂರಲು ಆಗುತ್ತಿಲ್ಲ, ನಿಲ್ಲಲೂ ಆಗುತ್ತಿಲ್ಲ. ಬರೆಯುತ್ತೇನೆ.

ನಿನ್ನೆ ಕೊಳವೆಯ ಮಂಜು ಕರಗಿತು. ಬಟ್ಟೆ ಬೆಟ್ಟವಾಗಿತ್ತು. ಇಂದು ಬೆಳಿಗ್ಗೆ ಎದ್ದವಳೇ ಒಂದರ ಹಿಂದೊಂದು ಸುತ್ತು ಹಾಕಿದೆ. ಕರೀನ್ ಅಂಗಡಿಗೆ ಹೋದಳು. ಶನಿವಾರವಾದ್ದರಿಂದ ನಾನು ಹಿತ್ತಲಿಗೆ ಹೋಗಿ ಸೌದೆ ಸೀಳಿ ಸೌನಾದ, ಅಂದರೆ ನಮ್ಮ ಹಬೆಸ್ನಾನದ ಮನೆಯ, ಒಲೆ ಹಚ್ಚಿದೆ. ಸಂಜೆಯ ಸ್ನಾನಕ್ಕೆ ಕಲ್ಲು ಕಾಯಲು ಅಷ್ಟು ಹೊತ್ತು ಬೇಕು. ಹೊರಗಿನ ಗಾಳಿಯಲ್ಲಿ ತಲೆ ತಿಳಿಯಾಗಿತ್ತು. ಅಡುಗೆಮನೆಯ ಬಾಗಿಲು ತೆರೆದೊಡನೆ ಅಲಾರಮಿನ ಸದ್ದು ಕೇಳಿತು, ಆದರೆ ಎಲ್ಲೋ ಬಾವಿಯೊಳಗಿನಿಂದ ಬಂದಂತೆ. ಮುಮ್ಮೊ ಅದರ ಮೇಲೆ ದಿಂಬು ಕಟ್ಟಿದ್ದಳು.

ನಿಂತು ಎಣಿಸಿದೆ. ನಾಲ್ಕು. ಬಿಡುವು. ನಾಲ್ಕು. ಬಿಡುವು. ನಾನು ನಿರಪರಾಧಿ ಎಂದು ಮೊದಲು ಹೊಳೆಯಿತು. ಅದನ್ನು ಬರೆಯಲು ಈಗ ನಾಚಿಕೆಯಾಗುತ್ತಿದೆ.

ಎರಡು ಸಲವೂ ಅದು ಕೂಗಿದ್ದು ಕೆಳಗೆ ಬಟ್ಟೆ ತಿರುಗುವಾಗ. ಉಸಿರು ಬಿಗಿಹಿಡಿದು ಕೆಳಗೆ ಓಡಿ ಡ್ರೈಯರ್ ನಿಲ್ಲಿಸಿದೆ. ಕಾಲುಚೀಲದೊಳಗೆ ಒದ್ದೆ ಜುಂಗು ಗಂಟುಗಟ್ಟಿತ್ತು. ಗಾಳಿಗೆ ಹೋಗಲು ದಾರಿಯೇ ಇರಲಿಲ್ಲ. ಯಂತ್ರ ನಿಲ್ಲುವ ಮೊದಲು ಅದರ ಬುಡದ ಕಿಂಡಿಯಲ್ಲಿ ಬೆಂಕಿ ಕಂಡಿತು, ನೀಲಿಯಲ್ಲ, ಗಾಳಿ ಸಾಲದೆ ಹಳದಿ. ಆಗ ತಿಳಿಯಿತು. ಹಳೆಯ ಡ್ರೈಯರಿನಲ್ಲಿ ಬೆಂಕಿಯೇ ಇರಲಿಲ್ಲ. ಅದು ಕರೆಂಟಿನದು. ಮುಮ್ಮೊ ಕಳೆದ ಚಳಿಗಾಲಗಳೆಲ್ಲ ಅದರವು. ಇದು ಗ್ಯಾಸು ಸುಡುವ ಯಂತ್ರ. ಹೊಗೆಕೊಳವೆಯನ್ನೇ ನಾವು ಮನೆಯೊಳಕ್ಕೆ ತಿರುಗಿಸಿ ಅದಕ್ಕೆ ಬೂಟು ತೊಡಿಸಿದ್ದೆವು.

ಮೇಲೆ ಮುಮ್ಮೊ ಎಮಿಲ್‌ನನ್ನು ತೋಳಲ್ಲಿಟ್ಟುಕೊಂಡು ತೂಗುಕುರ್ಚಿಯಲ್ಲಿದ್ದಳು. ಕುರ್ಚಿ ತೂಗುತ್ತಿರಲಿಲ್ಲ.

"ಮುಮ್ಮೊ, ಏಳು. ಹೊರಗೆ ಹೋಗೋಣ."

"ಮೆತ್ತಗೆ ಮಾತಾಡು. ಹಾಲೂ ಬೇಡ ಅಂದ. ಅಲುಗಾಡಿಸಿದ್ರೂ ಏಳ್ಲಿಲ್ಲ. ಎಷ್ಟು ಒಳ್ಳೆ ಮಗು ಆಗಿದಾನೆ ಇವತ್ತು."

"ಅದು ಗ್ಯಾಸು ಮುಮ್ಮೊ. ಡ್ರೈಯರಿಂದ ಬರ್ತಿದೆ. ನಿನ್ನಾಣೆ."

"ನಿನ್ನ ಆಣೆ ನಂಗೊತ್ತಿಲ್ವಾ? ನಾನು ಹೊರಗೆ ಕಾಲಿಡೋದು, ನೀನು ಬಾಗಿಲು ಹಾಕ್ಕೊಂಡು ಕಿಟಕೀಲಿ ಹಲ್ಲು ಕಿರಿಯೋದು. ಈ ಚಳೀಲಿ ಮಗು ಹೊರಗೆ ಹೋದ್ರೆ ಸತ್ತೇಹೋಗುತ್ತೆ."

ಮಗುವಿಗೆ ಕೈ ಹಾಕಿದೆ. ಅವಳು ಬಿಡಲಿಲ್ಲ. ಎಳೆದಾಡಿದರೆ ಕೈಜಾರುತ್ತಾನೆಂದು ಹೆದರಿಕೆಯಾಯಿತು. ಎಮಿಲ್‌ನ ತಲೆ ಅವಳ ತೋಳಿನ ಮೇಲೆ ಹಿಟ್ಟಿನ ಮುದ್ದೆಯಂತೆ ವಾಲಿತ್ತು. ನಾನು ಇದುವರೆಗೆ ಹೇಳಿದ ಒಂದು ಸುಳ್ಳಿಗೂ ಈ ಹೊತ್ತಿನ ನಿಜದಷ್ಟು ಕಷ್ಟಪಟ್ಟಿರಲಿಲ್ಲ. ಹಾಗಾಗಿ ಸುಳ್ಳನ್ನೇ ಹೇಳಿದೆ.

"ಸೌನಾ ಹೊತ್ಕೊಂಡು ಉರೀತಿದೆ ಮುಮ್ಮೊ."

ಆ ಸೌನಾವನ್ನು ತಾತ ಈ ಮನೆಗಿಂತ ಮೊದಲು ಕಟ್ಟಿದ್ದು. ಅಪ್ಪ ಹುಟ್ಟಿದ್ದು ಅದರೊಳಗೆ. ತಾತ ತೀರಿಕೊಂಡಾಗ ಮೈತೊಳೆದದ್ದೂ ಅಲ್ಲೇ. ವಿಷಕ್ಕೆ ಏಳದ ಮುಮ್ಮೊ ಅದಕ್ಕೆ ಎದ್ದಳು. ಎಮಿಲ್‌ನನ್ನು ಸ್ವೆಟರಿನೊಳಗೆ ತೂರಿಸಿಕೊಂಡು, ಬಾಗಿಲ ಚೌಕಟ್ಟಿಗೆ ಭುಜ ಬಡಿದುಕೊಂಡು, ಬರೀ ಕಾಲುಚೀಲದಲ್ಲಿ ಹಿಮದ ಮೇಲೆ ಓಡಿದಳು. ನಾನು ಹಿಂದಿನಿಂದ ಅವಳ ಸೊಂಟ ಹಿಡಿದುಕೊಂಡು ಓಡಿದೆ.

ಸೌನಾದ ಹೊರಕೋಣೆ ಬೆಚ್ಚಗಿತ್ತು. ಬೆಂಚು, ಬಕೆಟ್ಟು, ಟವೆಲು, ಎಲ್ಲ ಇದ್ದಲ್ಲೇ ಇದ್ದವು. ಮುಮ್ಮೊ ಸುತ್ತ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಾನು ಬಾಗಿಲಿಗೆ ಬೆನ್ನು ಕೊಟ್ಟು ಫೋನಿನಲ್ಲಿ ಅಗ್ನಿಶಾಮಕ ದಳಕ್ಕೆ ವಿಳಾಸ ಹೇಳುತ್ತಿದ್ದೆ.

"ದಾರಿ ಬಿಡು."

"ಬಿಡಲ್ಲ."

"ನಿಮ್ಮ ತಾತನ ಹೆಸರಲ್ಲೂ ಆಟ ಆಡ್ತೀಯಾ? ನೀನು ನನ್ನ ಮೊಮ್ಮಗಳೇ ಅಲ್ಲ."

"ಆಗ್ಲಿ. ಬಾಗಿಲು ಮಾತ್ರ ಬಿಡಲ್ಲ."

ಅವಳು ಇನ್ನೂ ಏನೋ ಹೇಳಲು ಬಾಯಿ ತೆರೆದು, ಬಗ್ಗಿ, ಬಕೆಟ್ಟಿಗೆ ವಾಂತಿ ಮಾಡಿಕೊಂಡಳು. ನಾನು ಎಮಿಲ್‌ನನ್ನು ಎತ್ತಿಕೊಂಡು ಬಾಗಿಲು ಒಂದಿಷ್ಟು ತೆರೆದು ಅವನ ಮುಖವನ್ನು ಸಂದಿಯ ಗಾಳಿಗೆ ಹಿಡಿದೆ. ಅಂಗಾಲು ಚಿವುಟಿದೆ. ಮತ್ತೆ ಚಿವುಟಿದೆ. ಬೆಕ್ಕಿನ ಮರಿಯಷ್ಟು ಸಣ್ಣದಾಗಿ ಅತ್ತ.

ಅಗ್ನಿಶಾಮಕ ದಳದೊಂದಿಗೆ ಬಂದವರು ಡೇಲ್ ಹೌಟಾಲ. ವಾರವೆಲ್ಲ ನಮ್ಮ ಶಾಲೆಯ ಬಸ್ಸು ಓಡಿಸುತ್ತಾರೆ, ಬೆಂಕಿ ಬಿದ್ದಾಗ ಹೆಲ್ಮೆಟ್ಟು ಹಾಕುತ್ತಾರೆ. ಅವರ ಬಸ್ಸಿನ ಸೀಟಿನ ಮೇಲೆ ನಾನು ಏನೇನು ಇಟ್ಟಿದ್ದೇನೆ ಎಂಬುದು ಇಲ್ಲಿ ಬೇಡ.

"ಹಿಲ್ಮಾ, ಇದು ನಿಜ ತಾನೆ?"

"ನಿಜ."

ಇನ್ನೇನೂ ಕೇಳದೆ ಮುಖವಾಡ ಹಾಕಿಕೊಂಡು ಒಳಗೆ ಹೋದರು. ಹೊರಗೆ ಬಂದು ಕೈಯಲ್ಲಿದ್ದ ಮೀಟರನ್ನು ಮುಮ್ಮೊಗೆ ಹಿಡಿದರು. ಅವಳ ಕನ್ನಡಕ ಮನೆಯೊಳಗಿತ್ತು.

"ನಂಗೆ ಕಾಣಲ್ಲ ಕಣೋ ಡೇಲ್. ಓದಿ ಹೇಳು."

"ಓದೋದು ಬೇಡ ಔನೆಮ್ಮ. ಇನ್ನೊಂದು ಸುತ್ತು ಬಟ್ಟೆ ಹಾಕಿದ್ರೆ ನಾವು ಬೇರೆ ಕೆಲಸಕ್ಕೆ ಬರ್ಬೇಕಾಗ್ತಿತ್ತು."

ಮುಮ್ಮೊನ ಮುಖ ನೋಡಲಾಗಲಿಲ್ಲ. ಅವಳು ತನ್ನ ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳು.

ಆಸ್ಪತ್ರೆಯಲ್ಲಿ ನನಗೂ ಅವಳಿಗೂ ಮೂಗಿಗೆ ಆಮ್ಲಜನಕ ಕೊಟ್ಟು ಹೊರಗೆ ಕಳಿಸಿದರು. ಎಮಿಲ್‌ನನ್ನು ಒಳಗೆ ಇಟ್ಟುಕೊಂಡಿದ್ದಾರೆ. "ನೋಡೋಣ," ಎಂದರು ವೈದ್ಯರು.

ಫೆಬ್ರವರಿ 22

ನೋಡೋಣ.

ಫೆಬ್ರವರಿ 24, ಮಂಗಳವಾರ

ಎಮಿಲ್ ಹಾಲು ಕುಡಿದ. ದಾದಿಯ ಮೇಲೆ ಉಚ್ಚೆ ಹೊಯ್ದ. ನಾಳೆ ಮನೆಗೆ ಕಳಿಸುತ್ತಾರಂತೆ.

ಕರೀನ್ ಮೊಗಸಾಲೆಯಲ್ಲಿ ನನ್ನ ಪಕ್ಕ ಕೂತು, "ಸೆಲ್ ಕಿತ್ತಿದ್ದು ನಾನು," ಎಂದಳು. ನನ್ನ ಬಾಯಲ್ಲಿ ಯಾವ ಹಾಸ್ಯವೂ ಇರಲಿಲ್ಲ, ಇದ್ದರೂ ಹಳಸಿದ್ದಿರಬೇಕು. ಅವಳಿಗೆ ಯಂತ್ರದಿಂದ ಕಾಫಿ ತಂದುಕೊಟ್ಟೆ. ಕೆಟ್ಟದಾಗಿತ್ತು. ಕುಡಿದಳು.

ಮಾರ್ಚ್ 2, ಸೋಮವಾರ

ಅಕ್ಕ ರಜೆ ಹಾಕಿದ್ದಾಳೆ, ಎಷ್ಟು ದಿನ ಕೊಡುತ್ತಾರೋ. ಮುಮ್ಮೊ ಎಮಿಲ್‌ನನ್ನು ಮುಟ್ಟುವುದಿಲ್ಲ. ಅವನು ಅತ್ತರೆ ಎದ್ದು ಪಕ್ಕದ ಕೋಣೆಗೆ ಹೋಗುತ್ತಾಳೆ. ಬಟ್ಟೆಯನ್ನೆಲ್ಲ ಕೈಯಲ್ಲೇ ಒಗೆದು, ಹೊರಗಿನ ಹಗ್ಗದ ಮೇಲೆ ಹಾಕುತ್ತಾಳೆ. ಬೆರಳುಗಳು ಬಿರುಕು ಬಿಟ್ಟಿವೆ. ಡ್ರೈಯರನ್ನು ದುಪ್ಪಟಿ ಹೊದಿಸಿ ಮುಚ್ಚಿಟ್ಟಿದ್ದಾಳೆ, ಹೆಣದ ಹಾಗೆ.

"ಮುಮ್ಮೊ, ನಿನ್ನ ಮೇಲೆ ನಂಗೆ ಕೋಪ ಇಲ್ಲ," ಎಂದಳು ಕರೀನ್ ಊಟದ ಹೊತ್ತಿಗೆ.

"ನಂಗಿದೆ," ಎಂದಳು ಮುಮ್ಮೊ, ಆಲೂಗಡ್ಡೆ ಸುಲಿಯುತ್ತಾ.

ಮಾರ್ಚ್ 6, ಶುಕ್ರವಾರ

ರಾಜ್ಯದಲ್ಲಿ ನಗು ಸ್ಥಾಪಿಸುವ ಕೊನೆಯ ಯತ್ನ. ಹಗ್ಗದ ಮೇಲೆ ಹೆಪ್ಪುಗಟ್ಟಿ ಸೆಟೆದು ಹಲಗೆಯಾಗಿದ್ದ ಅಪ್ಪನ ಉದ್ದ ಒಳಚಡ್ಡಿಯನ್ನು ಒಳಗೆ ತಂದು, ಮೊಣಕಾಲಿನಲ್ಲಿ ಮಡಚಿ ಊಟದ ಕುರ್ಚಿಯ ಮೇಲೆ ಕೂರಿಸಿ, ಮೇಲೆ ಟೋಪಿ ಇಟ್ಟು, ಮುಂದೆ ಒಂದು ತುಂಡು ಏಲಕ್ಕಿಯ ಸಿಹಿ ನಿಸು ರೊಟ್ಟಿ ಬಡಿಸಿದೆ. ನನ್ನ ಅತ್ಯುತ್ತಮ ಕೃತಿಗಳಲ್ಲೊಂದು.

"ತೆಗಿ ಅದನ್ನ. ನೆಲ ಒದ್ದೆಯಾಗುತ್ತೆ," ಎಂದಳು ಮುಮ್ಮೊ.

ತೆಗೆದೆ. ನೆಲ ಒರೆಸಿದೆ.

ಮಾರ್ಚ್ 14, ಶನಿವಾರ

ಡೇಲ್ ಬಂದಿದ್ದರು. ಗ್ಯಾಸಿನವರು ಬಂದು ಡ್ರೈಯರಿನ ಒಲೆಯನ್ನು ತೊಳೆದು, ಪರೀಕ್ಷಿಸಿ ಹೋದ ಮೇಲೆ ಕೊಳವೆ ಜೋಡಿಸಲು ನಾನೇ ಕರೆದಿದ್ದೆ. ಸುಕ್ಕುಸುಕ್ಕಾದ ತೆಳು ಕೊಳವೆ ಬಿಸಾಡಿ ಗಟ್ಟಿ ತಗಡಿನದು ಹಾಕಿದೆವು. ಒಳಗೆ ಜುಂಗು ನಿಲ್ಲುವುದಿಲ್ಲ. ಗೋಡೆಯಾಚೆ ಅದರ ಬಾಯಿಗೊಂದು ಮುಚ್ಚಳವಿದೆ, ಯಂತ್ರ ತಿರುಗಿದಾಗ ಗಾಳಿಗೆ ಅದು ತೆರೆದುಕೊಳ್ಳಬೇಕು. ಅದರ ಮೇಲೆ ಹಿಮ ಕುಸಿದು ಮುಚ್ಚಿಹೋದರೂ ಕಾಲುಚೀಲ ಕಟ್ಟಿದಷ್ಟೇ ಅಪಾಯ. ಹಾಗಾಗಿ ಸುತ್ತಲೂ ಸಲಿಕೆಯಿಂದ ಬಾಚಿ ಒಂದು ಗುಂಡಿ ಮಾಡಿದೆ. ನೆಲಮಾಳಿಗೆಗೂ ಮಲಗುವ ಕೋಣೆಗೂ ಒಂದೊಂದು ಅಲಾರಂ ಹಾಕಿದೆ.

ಮುಮ್ಮೊ ಕೆಳಗೆ ಇಳಿಯಲಿಲ್ಲ. ಮೆಟ್ಟಿಲ ತುದಿಯಲ್ಲಿ ನಿಂತು, "ಎಲ್ಲಾ ಸರಿಯಾಗಿದೆಯಾ ಡೇಲ್?" ಎಂದಳು.

"ಹಿಲ್ಮಾನ ಕೇಳಿ. ನನ್ನ ಕೈಲಿ ಎರಡು ಸಲ ಬಿಚ್ಚಿಸಿ ಹಾಕಿಸಿದಾಳೆ."

ಮುಮ್ಮೊ ನನ್ನನ್ನು ಕೇಳಲಿಲ್ಲ. ಒಳಗೆ ಹೋದಳು.

ಬೆಳಗಿನ ಜಾವ ಎಚ್ಚರವಾಗಿಬಿಡುತ್ತದೆ. ಎದ್ದು ಎಮಿಲ್‌ನ ಹೊಟ್ಟೆ ಏರಿಳಿಯುವುದನ್ನು ನೋಡಿ ಬರುತ್ತೇನೆ. ಬಾಯಾರಿಕೆ ಇರಬೇಕು.

ಮಾರ್ಚ್ 22, ಭಾನುವಾರ

ಅಕ್ಕನ ರಜೆ ಮುಗಿಯಿತು. ಅಂಗಡಿಗೆ ಭಾನುವಾರವೂ ಹೋಗಬೇಕಾಯಿತು. ನಾಳೆಯಿಂದ ಎಮಿಲ್‌ನನ್ನು ಯಾರ ಬಳಿ ಬಿಡುವುದು ಎಂಬ ಮಾತು ನಿನ್ನೆಯಿಂದ ಮನೆಯಲ್ಲಿ ಸುತ್ತುತ್ತಿದೆ, ಯಾರೂ ಬಾಯಿಬಿಟ್ಟು ಆಡುವುದಿಲ್ಲ. "ಪಾದ್ರಿಗಳ ಹೆಂಡತೀನ ಕೇಳಿ," ಎಂದಳು ಮುಮ್ಮೊ ಬೆಳಿಗ್ಗೆ, ಗೋಡೆಗೆ ಹೇಳುವಂತೆ.

ಮಧ್ಯಾಹ್ನ ಒಗೆದ ಬಟ್ಟೆ ಡ್ರೈಯರಿಗೆ ಹಾಕಿದ್ದೆ. ಛಾವಣಿಯ ಹಿಮ ಸಡಿಲವಾಗಿ ಧೊಪ್ಪನೆ ಬಿದ್ದ ಸದ್ದು ಕೇಳಿತು, ಮುಚ್ಚಳವಿರುವ ಮಗ್ಗುಲಲ್ಲಿ. ಎಮಿಲ್ ನನ್ನ ಹೆಗಲ ಮೇಲಿದ್ದ. ಕೆಳಗೆ ಓಡಿ ಯಂತ್ರ ನಿಲ್ಲಿಸಿದೆ. ಮೇಲೆ ಬಂದು ಅವನನ್ನು ಮುಮ್ಮೊನ ತೊಡೆಯ ಮೇಲೆ ಇಟ್ಟೆ.

"ಬೇಡ ಹಿಲ್ಮಾ. ನನ್ನ ಕೈಗೆ ಕೊಡ್ಬೇಡ."

"ಮತ್ತೆ ಯಾರ ಕೈಗೆ ಕೊಡ್ಲಿ? ನಾನು ಹಿಮ ತೆಗೀಬೇಕು. ಕೂಗಿದಾಗ ಕೆಳಗೆ ಹೋಗಿ ಗುಂಡಿ ಒತ್ತು."

"ನಾನಾ? ಆ ಯಂತ್ರಾನಾ?"

"ಇಬ್ಬರಲ್ಲಿ ಒಬ್ರು ಹೊರಗಿರ್ಬೇಕು ಮುಮ್ಮೊ. ಮುಚ್ಚಳ ತೆರ್ಕೊಳ್ಳುತ್ತೋ ಇಲ್ವೋ ಅಂತ ಒಳಗಿಂದ ಗೊತ್ತಾಗಲ್ಲ."

ಉತ್ತರಕ್ಕೆ ಕಾಯಲು ಪುರುಸೊತ್ತಿರಲಿಲ್ಲ. ಹೊರಗೆ ಹೋಗಿ ಸಲಿಕೆಯಿಂದ ಬಾಚಿದೆ. ಮುಚ್ಚಳ ಸಿಕ್ಕಿತು. "ಒತ್ತು," ಎಂದು ಕೂಗಿದೆ. ಏನೂ ಆಗಲಿಲ್ಲ. ಬಹಳ ಹೊತ್ತು ಏನೂ ಆಗಲಿಲ್ಲ. ಮತ್ತೆ ಕೂಗಲಿಲ್ಲ, ನಿಂತೆ. ಆಮೇಲೆ ಗೋಡೆಯೊಳಗೆ ಕರಡಿ ಗುರುಗುಟ್ಟಿತು, ಮುಚ್ಚಳ ನಡುಗಿ ತೆರೆದುಕೊಂಡಿತು, ಸಾಬೂನಿನ ವಾಸನೆಯ ಬಿಸಿಗಾಳಿ ನನ್ನ ಕೈಗವಸಿನ ಮೇಲೆ ಬಂತು.

ನೆಲಮಾಳಿಗೆಯ ಕಿಟಕಿ ಅಲ್ಲೇ ಪಕ್ಕದಲ್ಲಿ, ನೆಲದ ಮಟ್ಟಕ್ಕಿದೆ. ಬಗ್ಗಿ ನೋಡಿದೆ. ಮುಮ್ಮೊ ನನಗೆ ಬೆನ್ನು ಮಾಡಿ ನಿಂತಿದ್ದಳು. ಒಂದು ಕೈ ಇನ್ನೂ ಡ್ರೈಯರಿನ ಗುಂಡಿಯ ಮೇಲೆಯೇ ಇತ್ತು. ಇನ್ನೊಂದು ಕೈಯಲ್ಲಿ ಎಮಿಲ್, ಸ್ವೆಟರಿನೊಳಗೆ. ಅವನ ತಲೆಯ ಮೇಲೆ ಗಲ್ಲ ಊರಿ ಏನೋ ಗುನುಗುತ್ತಿದ್ದಳು.

ಗಾಜು ಒಂದು ಮೊಳ ದೂರದಲ್ಲಿತ್ತು. ಹಿಮವೂ ಹದವಾಗಿ ಒದ್ದೆಯಾಗಿತ್ತು, ಮುದ್ದೆ ಮಾಡಿ ಗಾಜಿಗೆ ಎಸೆದರೆ ಚೆನ್ನಾಗಿ ಅಂಟುವಂತಿತ್ತು. ನಾನು ಕೈಗವಸುಗಳನ್ನು ತೆಗೆದು, ಮುಚ್ಚಳದ ಮುಂದೆ ಎರಡೂ ಕೈ ಹಿಡಿದುಕೊಂಡು, ಬಟ್ಟೆ ಒಣಗಿ ಮುಗಿಯುವವರೆಗೆ ಅಲ್ಲೇ ನಿಂತಿದ್ದೆ.